ಸಿಪ್ಯಾಪ್ ಮಾಸ್ಕ್ ಹಾಕಿಕೊಂಡು ಮಲಗಲಿಕ್ಕೆ ಆಗುತ್ತಿಲ್ಲ, ಬೇರೆ ದಾರಿ ಉಂಟಾ?

ಪೆರ್ಲದ ಮಾಷ್ಟ್ರು

ನಮಸ್ಕಾರ. ನನಗೆ 51 ವರ್ಷ. ಪೆರ್ಲದ ಹತ್ತಿರ ಮನೆ. ಹೈಸ್ಕೂಲಿನಲ್ಲಿ ಕನ್ನಡ ಮಾಷ್ಟ್ರು, ಒಂದಿಷ್ಟು ಅಡಿಕೆ ತೋಟ, ಮಳೆಗಾಲದಲ್ಲಿ ತಾಳಮದ್ದಳೆಗೆ ಅರ್ಥ ಹೇಳುವ ಚಟ. ಈ ಚಟದಿಂದಲೇ ನನ್ನ ಕಾಯಿಲೆ, ಅಂದರೆ ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ, ಊರಿಗೆಲ್ಲ ಗೊತ್ತಾದದ್ದು.

ಕಳೆದ ವರ್ಷ ಆಟಿ ತಿಂಗಳಲ್ಲಿ ಭಜನಾ ಮಂದಿರದಲ್ಲಿ ಕೂಟ ಇತ್ತು. ನಾನು ಕೃಷ್ಣ. ಎದುರಿನ ಕೌರವ ಒಳ್ಳೆಯ ಮಾತುಗಾರ, ಒಮ್ಮೆ ಹಿಡಿದರೆ ಇಪ್ಪತ್ತು ನಿಮಿಷ ಬಿಡುವವರಲ್ಲ. ಐದು ಗ್ರಾಮ ಯಾಕೆ ಕೊಡುವುದಿಲ್ಲ ಅಂತ ಅವರು ವಿಸ್ತಾರ ಮಾಡುತ್ತಿರುವಾಗ ಕೃಷ್ಣನಿಗೆ ನಿದ್ದೆ. ಬರೀ ನಿದ್ದೆಯಾದರೆ ಪರವಾಗಿರಲಿಲ್ಲ, ಮೈಕ್ ನನ್ನ ಮೂತಿಯ ಎದುರೇ ಇತ್ತು. ಗೊರಕೆ ಇಡೀ ಮಂದಿರಕ್ಕೆ ಕೇಳಿಸಿತು. ಭಾಗವತರು ಚೆಂಡೆಯವರಿಗೆ ಸನ್ನೆ ಮಾಡಿ ಒಂದು ಪೆಟ್ಟು ಹಾಕಿಸಿದ ಮೇಲೆ ಎಚ್ಚರ. ಕೌರವ ಬಿಟ್ಟಾರಾ? "ಯೋಗನಿದ್ರೆ ಮುಗಿಯಿತೋ ಪರಮಾತ್ಮಾ" ಅಂದರು. ಜನರೆಲ್ಲ ಚಪ್ಪಾಳೆ.

ಮನೆಯವಳು ಮಾತ್ರ ನಗಲಿಲ್ಲ. ಗೊರಕೆ ಕೇಳಿದರೆ ಅವಳಿಗೆ ಹೆದರಿಕೆ ಇಲ್ಲವಂತೆ, ಗೊರಕೆ ಒಮ್ಮೆಲೇ ನಿಂತರೆ ಹೆದರಿಕೆಯಂತೆ. ಅವಳ ಹಟಕ್ಕೆ ಮಂಗಳೂರಿಗೆ ಹೋಗಿ ಒಂದು ರಾತ್ರಿ ತಲೆಗೆ, ಎದೆಗೆ, ಬೆರಳಿಗೆಲ್ಲ ವಯರ್ ಸಿಕ್ಕಿಸಿಕೊಂಡು ಮಲಗಿದೆ. ಎಎಚ್‌ಐ 27 ಬಂತು. ಗಂಟೆಗೆ 27 ಸಲ ಉಸಿರು ನಿಲ್ಲುವುದೋ ತೀರಾ ಕಮ್ಮಿಯಾಗುವುದೋ ಆಗುತ್ತದೆ ಅಂತ ಲೆಕ್ಕ, ಅದೂ ಪ್ರತಿ ಸಲ ಕನಿಷ್ಠ 10 ಸೆಕೆಂಡ್. ರಕ್ತದ ಆಮ್ಲಜನಕ ಒಂದು ಹೊತ್ತಿನಲ್ಲಿ ನೂರಕ್ಕೆ 79ಕ್ಕೆ ಇಳಿದಿತ್ತು. ಮಾಸ್ಕಿನ ಮೂಲಕ ಗಾಳಿ ಒತ್ತಿ ಗಂಟಲಿನ ದಾರಿ ಮುಚ್ಚದ ಹಾಗೆ ನೋಡುವ ಸಿಪ್ಯಾಪ್ ಮಷೀನ್ ಬರೆದುಕೊಟ್ಟರು, ಕೊಂಡು ತಂದೆ.

ಎಂಟು ತಿಂಗಳಾಯ್ತು, ಸಾಕಾಯ್ತು ಮಾರಾಯ್ರೆ. ಮಾರಿದವರು ಒಂದೇ ಮಾಸ್ಕ್ ಕೊಟ್ಟರು, ಮುಖದ ಅಳತೆ ಸಹ ನೋಡಲಿಲ್ಲ. ಮೀಸೆಯ ಹತ್ತಿರ ಪುಸ್ ಅಂತ ಗಾಳಿ ಸೋರಿ ನೇರ ಕಣ್ಣಿಗೆ ಬರುತ್ತದೆ. ಬೆಳಿಗ್ಗೆ ಹೊಟ್ಟೆ ಮದ್ದಳೆಯ ಹಾಗೆ. ಈ ಮಳೆಗೆ ಪೈಪಿನೊಳಗೆ ನೀರು ಕಟ್ಟಿ ನಡುರಾತ್ರಿ ಮೂಗಿಗೆ ತೊಟ್ಟಿಕ್ಕುತ್ತದೆ. ಗಾಳಿಮಳೆ ಬಂದರೆ ಕರೆಂಟ್ ಎಷ್ಟು ಹೊತ್ತಿಗೆ ಹೋಗುತ್ತದೋ ದೇವರೇ ಬಲ್ಲ. ಈಗ ವಾರಕ್ಕೆ ಎರಡು ರಾತ್ರಿ ಹಾಕಿದರೆ ಜಾಸ್ತಿ.

ಬಾಯಿಗೆ ಇಡುವ ಸಾಧನ, ಆಪರೇಶನ್, ನಾಲಿಗೆಗೆ ಕರೆಂಟ್ ಕೊಡುವುದು, ಇಂಜೆಕ್ಷನ್ ಅಂತೆಲ್ಲ ಕೇಳಿದ್ದೇನೆ. ಯಾರಾದರೂ ಮಾಡಿ ನೋಡಿದವರು ಇದ್ದೀರಾ? ಕಾಸರಗೋಡು, ಮಂಗಳೂರು ಕಡೆಯವರು ಹೇಳಿದರೆ ಒಳ್ಳೆಯದು.

ಬದಿಯಡ್ಕ ಅಕ್ಕ

ಮಾಷ್ಟ್ರೇ, ಮೊದಲು ಮೀಸೆ ತೆಗೆಯಿರಿ :) ಆಗುವುದಿಲ್ಲ ಅಂತಾದರೆ ಮಾಸ್ಕ್ ಬದಲಿಸಿ. ನಮ್ಮವರದ್ದೂ ಇದೇ ಕಥೆ. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಸಣ್ಣ ಮಾಸ್ಕ್ ಬರುತ್ತದೆ, ನೇಸಲ್ ಪಿಲ್ಲೋ ಅಂತ. ಅದಕ್ಕೆ ಮೀಸೆಯ ತಂಟೆ ಅಷ್ಟಿಲ್ಲ. ನೀರು ಕಟ್ಟುವುದಕ್ಕೆ ನಾವು ಮಷೀನನ್ನು ಮಂಚಕ್ಕಿಂತ ಕೆಳಗೆ ಸ್ಟೂಲಿನಲ್ಲಿ ಇಟ್ಟು, ಪೈಪಿಗೆ ಹಳೆಯ ಸ್ವೆಟರಿನ ತೋಳು ತೊಡಿಸಿದ್ದೇವೆ. ನೀರು ಹಿಂದಕ್ಕೆ ಹೋಗುತ್ತದೆ. ಇನ್ವರ್ಟರ್ ಮೇಲೆ ಓಡಿಸುವಾಗ ನೀರು ಬಿಸಿ ಮಾಡುವ ಭಾಗ ಆಫ್ ಮಾಡಿ, ಬ್ಯಾಟರಿ ತಿನ್ನುವುದು ಹೆಚ್ಚಾಗಿ ಅದೇ.

ಗೊರಕೆ ನಿಂತಾಗ ಹೆದರಿಕೆ ಅಂದಿದ್ದೀರಲ್ಲ, ಅದು ನೂರಕ್ಕೆ ನೂರು ಸತ್ಯ. ನಾನು ಎಷ್ಟೋ ರಾತ್ರಿ ಮೂಗಿನ ಹತ್ತಿರ ಕೈ ಹಿಡಿದು ಕೂತಿದ್ದೇನೆ.

ಉಪ್ಪಳದವ

ನಾನು ಬಾಯಿಯ ಸಾಧನದ ಪಾರ್ಟಿ. ಎರಡು ವರ್ಷ ಆಯ್ತು. ನನ್ನ ಎಎಚ್‌ಐ 19 ಇತ್ತು, ಇದನ್ನು ಹಾಕಿಕೊಂಡು ಪುನಃ ಟೆಸ್ಟ್ ಮಾಡಿದಾಗ 6.

ಇದರಲ್ಲಿ ದೊಡ್ಡ ಮಂತ್ರ ಎಂತದೂ ಇಲ್ಲ. ಮೇಲಿನ ಹಲ್ಲಿಗೊಂದು ಅಚ್ಚು, ಕೆಳಗಿನ ಹಲ್ಲಿಗೊಂದು ಅಚ್ಚು. ಎರಡಕ್ಕೂ ಕೊಂಡಿ. ಅದು ಕೆಳದವಡೆಯನ್ನು ಸ್ವಲ್ಪ ಮುಂದೆ ಎಳೆದು ಹಿಡಿಯುತ್ತದೆ. ದವಡೆ ಮುಂದೆ ಬಂದರೆ ನಾಲಿಗೆಯೂ ಮುಂದೆ, ಗಂಟಲಲ್ಲಿ ದಾರಿ ಬಿಡುತ್ತದೆ. ಒಮ್ಮೆಲೇ ಎಳೆಯುವುದಿಲ್ಲ, ವಾರವಾರ ಕೂದಲೆಳೆಯಷ್ಟು ತಿರುಪು ತಿರುಗಿಸಬೇಕು. ಮೊದಲ ತಿಂಗಳು ತಲೆದಿಂಬೆಲ್ಲ ಜೊಲ್ಲು. ಬೆಳಿಗ್ಗೆ ಎದ್ದರೆ ಮೇಲಿನ ಹಲ್ಲು, ಕೆಳಗಿನ ಹಲ್ಲು ಬೇರೆ ಬೇರೆಯವರದ್ದು ಅನ್ನುವ ಹಾಗೆ, ಒಂದಕ್ಕೊಂದು ಕೂರುವುದೇ ಇಲ್ಲ. ಅರ್ಧ ಗಂಟೆ ಬಿಟ್ಟು ಸರಿಯಾಗುತ್ತದೆ. ನಾನು ದೋಸೆಗೆ ಕೂರುವುದೇ ಎಂಟು ಗಂಟೆಯ ನಂತರ. ವರ್ಷಗಟ್ಟಲೆ ಹಾಕಿದರೆ ಹಲ್ಲು ಸ್ವಲ್ಪ ಸರಿಯಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು, ಹಾಗಾಗಿ ಆರು ತಿಂಗಳಿಗೊಮ್ಮೆ ತೋರಿಸುತ್ತೇನೆ.

ಆನ್‌ಲೈನಿನಲ್ಲಿ ಸಿಗುವ, ಬಿಸಿನೀರಲ್ಲಿ ಅದ್ದಿ ಕಚ್ಚುವ ಅಗ್ಗದ ಮಾಲು ತರಬೇಡಿ. ನಾನು ಮೊದಲು ಅದನ್ನೇ ತಂದು ಹಣ ಹಾಳು ಮಾಡಿಕೊಂಡವ. ಮತ್ತೊಂದು ವಿಷಯ, ಡಬ್ಬಿಯಲ್ಲಿ ಹಾಕಿಡಿ. ನನ್ನ ಮೊದಲನೆಯದ್ದನ್ನು ನಾಯಿ ಕಚ್ಚಿಕೊಂಡು ಹೋಗಿ ತೆಂಗಿನ ಬುಡದಲ್ಲಿ ಹೂತಿತ್ತು.

ಕುಂಬಳೆ ಕರಾವಳಿ

ಇಷ್ಟೆಲ್ಲ ಯಾಕೆ? ಶಂಖ ಊದಿ ಸಾಕು. ವಾಟ್ಸಾಪಿನಲ್ಲಿ ಬಂದಿತ್ತು, ರಿಸರ್ಚೇ ಆಗಿದೆಯಂತೆ. ನಮ್ಮ ಹಿರಿಯರು ಸುಮ್ನೆ ಊದಿದ್ದಾ?

ನೈಟ್ ಡ್ಯೂಟಿ

ನಾನು ನೀರ್ಚಾಲಿನವಳು. ಮಂಗಳೂರಿನ ಒಂದು ಸ್ಲೀಪ್ ಲ್ಯಾಬಿನಲ್ಲಿ ಟೆಕ್ನಿಶಿಯನ್. ಡಾಕ್ಟರ್ ಅಲ್ಲ, ಆದರೆ ರಾತ್ರಿಯಿಡೀ ಜನ ಮಲಗುವುದನ್ನು ನೋಡುವುದೇ ನನ್ನ ಕೆಲಸ.

ಶಂಖದ ಸುದ್ದಿ ಪೂರ್ತಿ ಸುಳ್ಳಲ್ಲ. ಜೈಪುರದವರು ಮಾಡಿದ ಅಧ್ಯಯನ, 2025ರಲ್ಲಿ ಪ್ರಕಟವಾಯಿತು. ಆದರೆ ಇದ್ದದ್ದು 30 ಜನ ಮಾತ್ರ. ಅರ್ಧದಷ್ಟು ಜನ ದಿನಕ್ಕೆ 15 ನಿಮಿಷದಂತೆ ವಾರಕ್ಕೆ 5 ದಿನ, 6 ತಿಂಗಳು ಶಂಖ ಊದಿದರು. ಹಗಲಿನ ತೂಕಡಿಕೆ ಒಳ್ಳೆಯ ರೀತಿಯಲ್ಲೇ ಕಮ್ಮಿಯಾಯಿತು. ಎಎಚ್‌ಐ ಇಳಿದದ್ದು ಗಂಟೆಗೆ ನಾಲ್ಕೈದು. ಮಾಷ್ಟ್ರ 27ರಲ್ಲಿ ಐದು ಕಳೆದರೆ 22, ಇನ್ನೂ ಚಿಕಿತ್ಸೆ ಬೇಕಾದ ಲೆಕ್ಕವೇ. ಸ್ವಿಟ್ಜರ್ಲೆಂಡಿನಲ್ಲಿ 2006ರಲ್ಲಿ ಡಿಜೆರಿಡೂ ಅಂತ ಆಸ್ಟ್ರೇಲಿಯಾದ ಮೂಲನಿವಾಸಿಗಳ ಕೊಳವೆ ವಾದ್ಯ ಊದಿಸಿ ಹೀಗೆಯೇ ನೋಡಿದ್ದರು, ಅದೂ 25 ಜನರಲ್ಲಿ. ಗಂಟಲಿನ ಮಾಂಸಖಂಡಕ್ಕೆ ಕಸರತ್ತು, ಅಷ್ಟು ಸರಿ. ಊದಿ, ಜೊತೆಗೆ ಇರಲಿ. ಅದನ್ನೇ ನಂಬಿ ಮಷೀನ್ ಅಟ್ಟಕ್ಕೆ ಹಾಕಬೇಡಿ.

ಆಪರೇಶನ್ ಅಂದರೆ ಹಲವು ಉಂಟು. ಕಿರುನಾಲಿಗೆ, ಅಂಗುಳಿನ ಹಿಂಭಾಗ ಕತ್ತರಿಸುವುದು ಹಳೆಯದು. ಎಲ್ಲರಿಗೂ ಫಲ ಸಿಗುವುದಿಲ್ಲ, ಸಿಕ್ಕವರಲ್ಲೂ ಕೆಲವರಿಗೆ ವರ್ಷ ಕಳೆದ ಮೇಲೆ ಮರಳಿ ಬರುತ್ತದೆ. ನೋವಂತೂ ಜೋರು. ಮೇಲ್ದವಡೆ, ಕೆಳದವಡೆ ಎರಡನ್ನೂ ಕತ್ತರಿಸಿ ಮುಂದೆ ಕೂರಿಸುವ ಆಪರೇಶನ್ ಚೆನ್ನಾಗಿ ಫಲ ಕೊಡುತ್ತದೆ, ಆದರೆ ಅದು ದೊಡ್ಡ ಬಾಬತ್ತು. ಮೂಗಿನ ನಡುಗೋಡೆ ಸೊಟ್ಟ ಇದ್ದರೆ ಸರಿ ಮಾಡಿಸಿಕೊಳ್ಳಿ. ಅದರಿಂದ ಕಾಯಿಲೆ ಹೋಗುವುದು ಅಪರೂಪ, ಮಾಸ್ಕ್ ಹಾಕಲು ಸುಲಭ ಆಗುತ್ತದೆ.

ನಾಲಿಗೆಗೆ ಕರೆಂಟ್ ಅಂದಿರಲ್ಲ, ಅದು ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ತರದ್ದೊಂದನ್ನು ಕೂರಿಸಿ, ನಾಲಿಗೆಯ ನರಕ್ಕೆ ವಯರ್ ಎಳೆಯುವುದು. ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಸಿಪ್ಯಾಪ್ ಆಗಲೇ ಆಗದು ಅನ್ನುವವರಿಗೆ ಅದು. ಖರ್ಚು ಕೇಳಿದರೆ ಇದ್ದ ನಿದ್ದೆಯೂ ಹೋದೀತು. ಇಂಜೆಕ್ಷನ್ ಅಂದರೆ ಟಿರ್ಜೆಪಟೈಡ್, ತೂಕ ಇಳಿಸುವ ಮದ್ದು. 2024ರ ಡಿಸೆಂಬರಿನಲ್ಲಿ ಅಮೆರಿಕದವರು ಸ್ಲೀಪ್ ಆಪ್ನಿಯಾಕ್ಕೂ ಒಪ್ಪಿದರು, ಆದರೆ ಬೊಜ್ಜು ಇರುವವರಿಗೆ ಮಾತ್ರ. ತೂಕ ಇಳಿದರೆ ಹೇಗೂ ಲಾಭವೇ. ನೂರಕ್ಕೆ ಹತ್ತರಷ್ಟು ತೂಕ ಇಳಿಸಿದರೆ ಎಎಚ್‌ಐ ಸುಮಾರು ಕಾಲು ಭಾಗ ಇಳಿಯುತ್ತದೆ ಅಂತ ಅಮೆರಿಕದ ವಿಸ್ಕಾನ್ಸಿನ್‌ನ ಹಳೆಯ ಅಧ್ಯಯನವೊಂದು ಹೇಳುತ್ತದೆ.

ಇದೆಲ್ಲ ಬಿಡಿ. ನಿಮ್ಮ ರಿಪೋರ್ಟ್ ಹತ್ತಿರ ಉಂಟಾ? ಮೊದಲ ಪುಟ ಅಲ್ಲ, ಒಳಗೆ "ಪೊಸಿಶನ್" ಅಂತ ಒಂದು ಸಣ್ಣ ಕೋಷ್ಟಕ ಇರುತ್ತದೆ. ಅಂಗಾತ ಮಲಗಿದಾಗ ಎಷ್ಟು, ಮಗ್ಗುಲಾದಾಗ ಎಷ್ಟು ನೋಡಿ ಹೇಳಿ. ನಿಮ್ಮ ತೂಕ ಎಷ್ಟು ಅಂತಲೂ ಹೇಳಿ.

ಪೆರ್ಲದ ಮಾಷ್ಟ್ರು

ತೂಕ 78, ಎತ್ತರ 172. ರಿಪೋರ್ಟನ್ನು ಅಡಿಕೆ ಸೊಸೈಟಿಯ ರಶೀದಿಗಳ ಮಧ್ಯದಿಂದ ಹುಡುಕಿ ತೆಗೆದೆ. ನಾಲ್ಕನೇ ಪುಟದಲ್ಲಿ ಉಂಟು. ಅಂಗಾತ 43, ಮಗ್ಗುಲು 9. ಆ ರಾತ್ರಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ನಾನು ಅಂಗಾತವೇ ಇದ್ದೆನಂತೆ. ಈ ಪುಟ ನನಗೆ ಯಾರೂ ತೋರಿಸಲಿಲ್ಲ, ನಾನೂ ತಿರುಗಿಸಿ ನೋಡಲಿಲ್ಲ. ಮಕ್ಕಳಿಗೆ ಮಾತ್ರ "ಪ್ರಶ್ನೆಪತ್ರಿಕೆ ಕೊನೆಯ ಪುಟದವರೆಗೆ ಓದಿ" ಅಂತ ಹೇಳುವುದು.

ನೈಟ್ ಡ್ಯೂಟಿ

ನೋಡಿ, ನಿಮ್ಮ ಕಾಯಿಲೆ ಇರುವುದೇ ಬೆನ್ನಿನಲ್ಲಿ. ಎಎಚ್‌ಐ 5ರ ಕೆಳಗೆ ಇದ್ದರೆ ಸಾಮಾನ್ಯ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ನೀವು ಮಗ್ಗುಲಾದರೆ ಸೌಮ್ಯ, ಅಂಗಾತವಾದರೆ ತೀವ್ರ. ಅಂಗಾತ ಮಲಗಿದಾಗ ನಾಲಿಗೆಯ ಬುಡ ಹಿಂದಕ್ಕೆ ಬಿದ್ದು ದಾರಿ ಮುಚ್ಚುತ್ತದೆ. ಅಂಗಾತ ಹೊರಳಲು ಬಿಡದಿದ್ದರೆ ಅರ್ಧ ಕೆಲಸ ಆಯಿತು. ಅದಕ್ಕೆ ನಡುಗುವ ಬೆಲ್ಟ್ ಎಲ್ಲ ಬರುತ್ತದೆ. ಬಡವರ ಉಪಾಯ ಟೆನಿಸ್ ಚೆಂಡು. ಬನಿಯನಿನ ಬೆನ್ನಿಗೆ, ಎರಡು ಹೆಗಲೆಲುಬಿನ ನಡುವೆ ಜೇಬು ಹೊಲಿದು ಚೆಂಡು ಹಾಕುವುದು. ತಮಾಷೆ ಅಲ್ಲ, ನಿಜವಾಗಿ ಮಾಡುತ್ತಾರೆ. ಅದರ ತೊಂದರೆ ಏನೆಂದರೆ ಹೆಚ್ಚಿನವರು ಕೆಲವು ತಿಂಗಳಿಗೆ ಬಿಟ್ಟುಬಿಡುತ್ತಾರೆ.

ಮಷೀನನ್ನು ಈಗಲೇ ಬಿಡಬೇಡಿ. ಹೊಟ್ಟೆಗೆ ಗಾಳಿ ಹೋಗುವುದು ಒತ್ತಡ ಜಾಸ್ತಿಯಾದದ್ದಕ್ಕೂ ಇರಬಹುದು. ಮಗ್ಗುಲು ಮಲಗಿದರೆ ಅಷ್ಟು ಒತ್ತಡ ಬೇಡ, ಬೇಕಾದಷ್ಟೇ ಒತ್ತಡವನ್ನು ಮಷೀನೇ ಹೊಂದಿಸಿಕೊಳ್ಳುವ ಆಟೋ ಮೋಡಿಗೆ ಹಾಕಬಹುದಾ ಅಂತ ಡಾಕ್ಟರನ್ನು ಕೇಳಿ. ಅಕ್ಕ ಹೇಳಿದ ಮಾಸ್ಕಿನ ಮಾತು ಸರಿಯೇ. ಬಾಯಿಯ ಸಾಧನವೂ ನಿಮಗೆ ಹೊಂದುವ ಜಾತಿಯದ್ದು, ಹಲ್ಲು ಗಟ್ಟಿ ಇದ್ದರೆ. ಇಂಜೆಕ್ಷನ್ ನಿಮಗಲ್ಲ, ನೀವು ಅಷ್ಟು ದಪ್ಪ ಇಲ್ಲ. ಯಾವುದು ಮಾಡಿದರೂ ಅದನ್ನು ಹಾಕಿಕೊಂಡೇ ಇನ್ನೊಂದು ಟೆಸ್ಟ್ ಮಾಡಿಸಿ. ಗೊರಕೆ ನಿಂತಿತು ಅಂತ ಉಸಿರು ಸರಿಯಾಯಿತು ಅಂತ ಅಲ್ಲ. ಮತ್ತೆ, ಅಲ್ಲಿಯವರೆಗೆ ತೂಕಡಿಕೆ ಇದ್ದ ದಿನ ಸ್ಕೂಟರ್ ಮುಟ್ಟಬೇಡಿ. ಹೆದ್ದಾರಿಯಲ್ಲಿ ಚೆಂಡೆ ಬಾರಿಸುವವರು ಯಾರೂ ಇರುವುದಿಲ್ಲ.

ಪೆರ್ಲದ ಮಾಷ್ಟ್ರು (ಎರಡು ತಿಂಗಳ ನಂತರ)

ಎಲ್ಲರೂ ಕೇಳುತ್ತಿದ್ದಿರಿ, ಅದಕ್ಕೆ ಬರೆಯುತ್ತಿದ್ದೇನೆ. ಚೆಂಡು ಕೊಳ್ಳಬೇಕಾಗಲಿಲ್ಲ. ಕ್ಲಾಸಿನಲ್ಲಿ ಆಡಿ ಸಿಕ್ಕಿಬಿದ್ದ ಮಕ್ಕಳಿಂದ ತೆಗೆದುಕೊಂಡ ಚೆಂಡುಗಳೇ ನನ್ನ ಮೇಜಿನ ಖಾನೆಯಲ್ಲಿ ಏಳೆಂಟು ಇದ್ದವು. ಮನೆಯವಳು ಮೂರು ಬನಿಯನಿಗೆ ಜೇಬು ಹೊಲಿದಳು, ಬಾಯಿಗೆ ಗುಂಡಿ ಸಹಿತ. ಮೊದಲ ವಾರ ಬೆನ್ನಿಗೆ ಯಾರೋ ಮೊಣಕೈ ಒತ್ತಿದ ಹಾಗೆ ಆಗಿ ನಾಲ್ಕೈದು ಸಲ ಎಚ್ಚರವಾಗುತ್ತಿತ್ತು. ಒಂದು ರಾತ್ರಿ ಬೈದು ಬಿಚ್ಚಿ ಎಸೆದೆ ಕೂಡ. ಎರಡನೇ ವಾರದಿಂದ ಅಭ್ಯಾಸವಾಯಿತು. ಈಗ ಎದೆಗೊಂದು ದಿಂಬು ಅಪ್ಪಿಕೊಂಡು ಎಡಮಗ್ಗುಲು.

ಮೊನ್ನೆ ಮನೆಯಲ್ಲೇ ಮಾಡುವ ಟೆಸ್ಟ್ ಮಾಡಿದೆವು, ಮಷೀನ್ ಇಲ್ಲದೆ, ಚೆಂಡು ಕಟ್ಟಿಕೊಂಡು. ಎಎಚ್‌ಐ 11. ಡಾಕ್ಟರಿಗೆ ಸಮಾಧಾನ, ಪೂರ್ತಿ ಅಲ್ಲ. ಆಮ್ಲಜನಕ 86ಕ್ಕಿಂತ ಕೆಳಗೆ ಹೋಗಿಲ್ಲ. ಮಾಸ್ಕ್ ಬದಲಿಸಿ, ಆಟೋಗೆ ಹಾಕಿ ಕೊಟ್ಟಿದ್ದಾರೆ, ಹೊಟ್ಟೆ ಉಬ್ಬರ ಹೋಯಿತು. ವಾರಕ್ಕೆ ಐದು ರಾತ್ರಿ ಹಾಕುತ್ತೇನೆ. ಕರೆಂಟ್ ಹೋದ ರಾತ್ರಿಗಳಿಗೆ ಚೆಂಡೊಂದೇ. ಬಾಯಿಯ ಸಾಧನಕ್ಕೆ ಹಲ್ಲಿನ ಅಳತೆ ಕೊಟ್ಟು ಬಂದಿದ್ದೇನೆ. ಅದು ಬಂದ ಮೇಲೆ ಇನ್ನೊಂದು ಟೆಸ್ಟ್, ಅದರ ನಂತರ ಮಷೀನಿನ ತೀರ್ಮಾನ. ಮೀಸೆ ಉಂಟು.

ಒಂದು ಎಡವಟ್ಟಾಯಿತು. ಆದಿತ್ಯವಾರ ಎಂಟನೇ ಕ್ಲಾಸಿನ ಹುಡುಗನೊಬ್ಬ ಅಪ್ಪನ ಜೊತೆ ಅಡಿಕೆ ಸುಲಿಯುವ ಲೆಕ್ಕ ಮಾತಾಡಲು ಮನೆಗೆ ಬಂದಿದ್ದ. ಅಂಗಳದ ಹಗ್ಗದಲ್ಲಿ ನನ್ನ ಬನಿಯನ್ ಒಣಗುತ್ತಿತ್ತು, ಪಕ್ಕದ ತಿಣ್ಣೆಯಲ್ಲಿ ಚೆಂಡು. ಹುಡುಗ ಬಹಳ ಹೊತ್ತು ಅದನ್ನೇ ನೋಡಿದ. ಮತ್ತೆ ಅಪ್ಪನ ಹಿಂದೆ ನಿಂತುಕೊಂಡು ಮೆಲ್ಲ ಹೇಳಿದ, "ಮಾಷ್ಟ್ರೇ, ಅದು ನನ್ನ ಚೆಂಡು. ಸ್ಕೆಚ್‌ಪೆನ್ನಿನಲ್ಲಿ ಹೆಸರು ಬರೆದದ್ದು ಕಾಣುತ್ತದೆ."

ಕೊಟ್ಟು ಕಳಿಸಿದೆ. ಖಾನೆಯಲ್ಲಿ ಇನ್ನೂ ಆರು ಉಂಟು.