ಹಳೆಯ ಛತ್ರದ ಜೀರ್ಣೋದ್ಧಾರ: ಟ್ರಸ್ಟಿಗೆ ಮಾರ್ಗದರ್ಶನ ಬೇಕು

ಪ್ರಶ್ನೆ (ಮುಳಬಾಗಿಲು): ನಮ್ಮೂರಿನ ಕಲ್ಲಿನ ಛತ್ರದ ಮಾಳಿಗೆ ಸೋರುತ್ತಿದ್ದು, ಅದನ್ನು ಉಳಿಸಲೆಂದು ಕೆಲವರು ಸೇರಿ ಟ್ರಸ್ಟ್ ನೋಂದಾಯಿಸಿದ್ದೇವೆ. ಮುಂದೇನು ಮಾಡಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಕೋಲಾರ): ಛತ್ರದ ಖಾತೆ (ಆಸ್ತಿಯ ದಾಖಲೆ) ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ನೋಡಿ, ಮುಜರಾಯಿ ಆಸ್ತಿಯಾಗಿದ್ದರೆ ಇಲಾಖೆಯ ಲಿಖಿತ ಒಪ್ಪಿಗೆಯಿಲ್ಲದೆ ಒಂದು ಕಲ್ಲನ್ನೂ ಕದಲಿಸಬೇಡಿ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿದ್ದರೆ ದುರಸ್ತಿಗೂ ಅನುಮತಿ ಬೇಕು.

ಉತ್ತರ (ಚಿಕ್ಕಬಳ್ಳಾಪುರ): ಸಿಮೆಂಟನ್ನಂತೂ ಬಳಸಲೇಬೇಡಿ. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಹಿಡಿದಿಟ್ಟು ಹಳೆಯ ಇಟ್ಟಿಗೆಯನ್ನು ಸವೆಸುತ್ತದೆ. ನಮ್ಮೂರ ಮಂಟಪಕ್ಕೆ ಹೀಗಾದದ್ದು ಇಂದಿಗೂ ನೋವು ಕೊಡುತ್ತದೆ. ಕೆಲಸಕ್ಕೆ ಮುನ್ನ ಪ್ರತಿ ಬಿರುಕಿನ ಫೋಟೊ ತೆಗೆದು, ಅಳತೆಯ ನಕ್ಷೆ ಬರೆಸಿ. ಸಲಹೆಗೆ, ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗಾಗಿ ಕೆಲಸ ಮಾಡುವ, 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯನ್ನು ಕೇಳಬಹುದು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಸೋಮವಾರವೇ ತಾಲ್ಲೂಕು ಕಚೇರಿಗೆ ಹೋಗಿ ದಾಖಲೆಗೆ ಅರ್ಜಿ ಕೊಡುತ್ತೇವೆ.