ಮೆಲನೋಮಕ್ಕೆ ಸೆಲ್ ಥೆರಪಿ: ಅಪ್ಪನಿಗೆ ಮಾಡಿಸಬಹುದಾ ಮೇಡಂ?

ಪ್ರಶ್ನೆ:
ನಮಸ್ಕಾರ ಮೇಡಂ. ಅಪ್ಪನಿಗೆ 61 ವರ್ಷ. ಎರಡು ವರ್ಷದ ಹಿಂದೆ ಅಂಗಾಲಿನಲ್ಲಿ ಒಂದು ಕಪ್ಪು ಮಚ್ಚೆ ದೊಡ್ಡದಾಯಿತು. ಚಪ್ಪಲಿ ಕಚ್ಚಿದ ಗಾಯ ಇರಬೇಕು ಅಂತ ಸುಮ್ನೆ ಇದ್ದೆವು. ಆಮೇಲೆ ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಆಯಿತು. ಈಗ ಶ್ವಾಸಕೋಶದಲ್ಲಿ ನಾಲ್ಕು ಕಡೆ ಹರಡಿದೆ. ತೊಡೆಯ ಚರ್ಮದ ಕೆಳಗೂ ನಿಂಬೆಹಣ್ಣಿನಷ್ಟು ಗಡ್ಡೆ ಇದೆ. ರೋಗನಿರೋಧಕ ಶಕ್ತಿ ಎಬ್ಬಿಸುವ ಔಷಧಿಗಳಾದ ನಿವೊಲುಮಾಬ್, ಇಪಿಲಿಮುಮಾಬ್ ಎರಡೂ ಸೇರಿಸಿ ಕೊಟ್ಟರು. ಮೊದಲ ಸ್ಕ್ಯಾನ್‌ನಲ್ಲಿ ಸ್ವಲ್ಪ ಕುಗ್ಗಿತ್ತು, ಏಳನೇ ತಿಂಗಳಿಗೆ ಮತ್ತೆ ಬೆಳೆದಿದೆ. ನಡುವೆ ಆ ಔಷಧಿಯಿಂದಲೇ ಭೇದಿ ಶುರುವಾಗಿ ಈಗ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ದಿನಕ್ಕೆ 20 ಮಿಲಿಗ್ರಾಂ ತಗೊಳ್ಳುತ್ತಿದ್ದಾರೆ. ಬಿಆರ್‌ಎಎಫ್ ಅನ್ನೋ ಜೀನ್ ಬದಲಾವಣೆಯ ಟೆಸ್ಟ್ ನೆಗೆಟಿವ್. ಓಡಾಡಿಕೊಂಡು ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ.

ಟಿಐಎಲ್ ಅನ್ನೋ ಸೆಲ್ ಥೆರಪಿ ಇದೆ, ಒಂದೇ ಸಲ ಕೊಟ್ಟರೆ ಸಾಕು ಅಂತ ಕೇಳಿದೆವು. ಇದು ರಕ್ತದ ಕ್ಯಾನ್ಸರ್‌ಗೆ ಕೊಡುವ ಕಾರ್-ಟಿ ಥರದ್ದೇನಾ? ಅಪ್ಪನಿಗೆ ಆಗುತ್ತದಾ?

ಡಾಕ್ಟರ್ ಉತ್ತರ:
ಎರಡರಲ್ಲೂ ಕೊಡುವುದು ಟಿ ಸೆಲ್‌ಗಳನ್ನೇ, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳನ್ನು. ಆದರೆ ದಾರಿ ಬೇರೆ. ಕಾರ್-ಟಿಯಲ್ಲಿ ರಕ್ತದಿಂದ ಸೆಲ್ ತೆಗೆದು, ಅದರ ಜೀನ್ ತಿದ್ದಿ, ಕ್ಯಾನ್ಸರ್ ಸೆಲ್‌ನ ಮೇಲಿನ ಒಂದು ಗುರುತು ಹಿಡಿಯುವುದನ್ನು ಕಲಿಸುತ್ತಾರೆ. ರಕ್ತದ ಕ್ಯಾನ್ಸರ್‌ನಲ್ಲಿ ಅಂಥ ಗುರುತು ಸಿಗುತ್ತದೆ. ಮೆಲನೋಮದಲ್ಲಿ ಒಬ್ಬೊಬ್ಬರ ಗಡ್ಡೆಯೂ ಒಂದೊಂದು ಥರ. ಹಾಗಾಗಿ ಟಿಐಎಲ್‌ನಲ್ಲಿ ಯಾರೂ ಏನೂ ಕಲಿಸುವುದಿಲ್ಲ. ಗಡ್ಡೆಯ ಒಳಗೇ ನುಗ್ಗಿ ಕುಳಿತಿರುವ ಟಿ ಸೆಲ್‌ಗಳಿಗೆ ಶತ್ರು ಯಾರೆಂದು ಆಗಲೇ ಗೊತ್ತಿದೆ. ಆದರೆ ಅವು ಕಡಿಮೆ ಇವೆ, ಸೋತು ಕುಳಿತಿವೆ. ಅವನ್ನು ಹೊರಗೆ ತೆಗೆದು, ಲ್ಯಾಬಿನಲ್ಲಿ ನೂರಾರು ಕೋಟಿಗೆ ಬೆಳೆಸಿ, ವಾಪಸ್ ಕೊಡುವುದೇ ಚಿಕಿತ್ಸೆ.

ಇದು ಹೊಸ ಹುಚ್ಚಲ್ಲ. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಲ್ಲಿ ಸ್ಟೀವನ್ ರೋಸೆನ್‌ಬರ್ಗ್ ತಂಡ 1988ರಲ್ಲೇ ಇದರ ಫಲಿತಾಂಶ ಪ್ರಕಟಿಸಿತ್ತು. ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು ಮಾತ್ರ 2024ರ ಫೆಬ್ರವರಿಯಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಿಂದ. ಹೆಸರು ಲಿಫಿಲ್ಯೂಸೆಲ್. ಗಟ್ಟಿ ಗಡ್ಡೆಯ ಕ್ಯಾನ್ಸರ್‌ಗೆ ಅಲ್ಲಿ ಒಪ್ಪಿಗೆ ಪಡೆದ ಮೊದಲ ಟಿ ಸೆಲ್ ಚಿಕಿತ್ಸೆ ಅದು. ಪಿಡಿ-1 ಔಷಧಿ (ಅಪ್ಪನಿಗೆ ಕೊಟ್ಟ ನಿವೊಲುಮಾಬ್ ಆ ಜಾತಿಯದು) ಕೈಕೊಟ್ಟ ಮೇಲೆ ಕೊಡುತ್ತಾರೆ. ಬಿಆರ್‌ಎಎಫ್ ಬದಲಾವಣೆ ಇದ್ದವರಿಗೆ ಅದರ ಮಾತ್ರೆಯೂ ಆಗಿರಬೇಕು. ನಿಮ್ಮ ಅಪ್ಪನಿಗೆ ಆ ಮಾತ್ರೆಯ ಪ್ರಶ್ನೆಯೇ ಇಲ್ಲ. ಹಾಗಾಗಿ ಕೇಳಬೇಕಾದ ಸಮಯಕ್ಕೇ ಕೇಳಿದ್ದೀರಿ.

"ಒಂದೇ ಸಲ" ಅನ್ನುವುದು ಸುಳ್ಳಲ್ಲ. ಆದರೆ ಆ ಒಂದು ಸಲದ ಹಿಂದೆ ಮುಂದೆ ಇರುವುದೇ ಜಾಸ್ತಿ. ಮೊದಲು ಆಪರೇಷನ್ ಮಾಡಿ ಒಂದು ಗಡ್ಡೆ ತೆಗೆಯಬೇಕು. ಸೆಲ್ ಬೆಳೆಸಲು ಮೂರು ವಾರ, ಪರೀಕ್ಷೆ ಮತ್ತು ಸಾಗಣೆ ಸೇರಿದರೆ ಒಂದು ತಿಂಗಳು ದಾಟುತ್ತದೆ. ಆಮೇಲೆ ಅಡ್ಮಿಟ್ ಆಗಿ ಸುಮಾರು ಒಂದು ವಾರ ಜೋರು ಕೀಮೋ: ಸೈಕ್ಲೋಫಾಸ್ಫಮೈಡ್, ಫ್ಲುಡಾರಬಿನ್. ಇದು ಕ್ಯಾನ್ಸರ್ ಕೊಲ್ಲಲು ಅಲ್ಲ. ಹೊಸ ಸೆಲ್‌ಗಳಿಗೆ ಜಾಗ ಆಗಲಿ ಅಂತ ಹಳೆಯ ರೋಗನಿರೋಧಕ ಸೆಲ್‌ಗಳನ್ನು ಖಾಲಿ ಮಾಡುವುದು. ನಂತರ ಸೆಲ್‌ಗಳ ಡ್ರಿಪ್. ಅದೇ ಎಲ್ಲಕ್ಕಿಂತ ಸುಲಭದ ದಿನ. ಅದರ ಬೆನ್ನಿಗೆ ಟಿ ಸೆಲ್‌ಗಳನ್ನು ಹುರಿದುಂಬಿಸುವ ಐಎಲ್-2 ಇಂಜೆಕ್ಷನ್, 8ರಿಂದ 12 ಗಂಟೆಗೊಂದು, ಹೆಚ್ಚೆಂದರೆ ಆರು ಡೋಸ್. ಕಷ್ಟ ಇರುವುದು ಇಲ್ಲಿ. ಮೈ ನಡುಗುವ ಚಳಿಜ್ವರ ಬರುತ್ತದೆ. ರಕ್ತನಾಳಗಳಿಂದ ನೀರು ಸೋರಿ ಬಿಪಿ ಇಳಿಯುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಹೃದಯ, ಶ್ವಾಸಕೋಶ, ಕಿಡ್ನಿ ತಡೆಯುತ್ತವಾ ಅಂತ ಮೊದಲೇ ಪರೀಕ್ಷೆ ಮಾಡುವುದು ಅದಕ್ಕೇ.

ಅಪ್ಪನ ವಿಷಯದಲ್ಲಿ ನನಗೆ ಕಾಣುವ ಅಡ್ಡಿ ಸ್ಟೀರಾಯ್ಡ್. ಅದು ಇದೇ ಟಿ ಸೆಲ್‌ಗಳನ್ನು ಮಲಗಿಸುತ್ತದೆ. ಸಾಮಾನ್ಯವಾಗಿ ದಿನಕ್ಕೆ 10 ಮಿಲಿಗ್ರಾಂ ಒಳಗೆ ಬಂದಿರಬೇಕು ಎನ್ನುತ್ತಾರೆ. ಆದರೆ ನೀವಾಗಿ ನಿಲ್ಲಿಸಬೇಡಿ, ಏಕಾಏಕಿ ಬಿಟ್ಟರೆ ಅಪಾಯ. ನಿಮ್ಮ ಡಾಕ್ಟರ್ ಹಂತಹಂತವಾಗಿ ಇಳಿಸಲಿ.

ಪ್ರಶ್ನೆ (ಅವರ ತಮ್ಮ):
ಮೇಡಂ, ನಾನು ಮಗ. ಅಕ್ಕ ಬರೆಯಲು ಮರೆತಳು. ತೊಡೆಯ ಗಡ್ಡೆ ಕೂತರೆ ಒತ್ತುತ್ತದೆ ಅಂತ ಮುಂದಿನ ವಾರ ತೆಗೆಸುವುದಿದೆ. ಸಣ್ಣ ಆಪರೇಷನ್ ಅಂದಿದ್ದಾರೆ. ಅದು ಮುಗಿದ ಮೇಲೆ ಟಿಐಎಲ್ ಬಗ್ಗೆ ವಿಚಾರಿಸಿದರೆ ಸಾಕಲ್ವಾ?

ಡಾಕ್ಟರ್ ಉತ್ತರ:
ಸಾಕಾಗುವುದಿಲ್ಲ. ದಯವಿಟ್ಟು ಇವತ್ತೇ ಆ ಸರ್ಜನ್‌ಗೆ ಫೋನ್ ಮಾಡಿ.

ಆ ಗಡ್ಡೆಯೇ ಈ ಔಷಧಿಯ ಕಚ್ಚಾ ಸಾಮಗ್ರಿ. ಕನಿಷ್ಠ ಒಂದೂವರೆ ಸೆಂಟಿಮೀಟರ್ ಬೇಕು, ನಿಮ್ಮದು ಅದಕ್ಕಿಂತ ದೊಡ್ಡದು. ಚರ್ಮದ ಕೆಳಗೇ ಇದೆ, ಎದೆ ತೆರೆಯುವ ಗೋಜಿಲ್ಲ. ಇಷ್ಟು ಅನುಕೂಲದ ಗಡ್ಡೆ ಎಲ್ಲರಿಗೂ ಇರುವುದಿಲ್ಲ. ಮಾಮೂಲಿ ಆಪರೇಷನ್‌ನಲ್ಲಿ ತೆಗೆದದ್ದನ್ನು ಫಾರ್ಮಾಲಿನ್ ಬಾಟಲಿಗೆ ಹಾಕುತ್ತಾರೆ. ಅಲ್ಲಿಗೆ ಒಳಗಿನ ಸೆಲ್‌ಗಳು ಸತ್ತವು. ಟಿಐಎಲ್‌ಗೆ ತೆಗೆಯುವಾಗ ಜೀವಂತವಾಗಿಯೇ, ಕೀಟಾಣು ತಾಗದಂತೆ, ಬೇರೆ ದ್ರವದಲ್ಲಿಟ್ಟು ಲ್ಯಾಬಿಗೆ ಕಳಿಸುತ್ತಾರೆ. ಆ ಏರ್ಪಾಡು ಮೊದಲೇ ಆಗಿರಬೇಕು. ನೋವಿಗೆ ಅಂತ ಆ ಗಡ್ಡೆಗೆ ರೇಡಿಯೇಷನ್ ಕೊಡುವುದನ್ನೂ ಟಿಐಎಲ್ ತಂಡವನ್ನು ಕೇಳದೆ ಒಪ್ಪಬೇಡಿ.

ಸರ್ಜನ್ ತಪ್ಪು ಮಾಡುತ್ತಿದ್ದಾರೆ ಅಂತಲ್ಲ. ಅವರಿಗೆ ನಿಮ್ಮ ಈ ಯೋಚನೆ ಗೊತ್ತೇ ಇಲ್ಲ, ಅಷ್ಟೇ. ಟಿಐಎಲ್ ಮಾಡುವ ಕೇಂದ್ರಕ್ಕೆ ಅಪ್ಪನ ಸ್ಕ್ಯಾನ್, ಪೆಥಾಲಜಿ ರಿಪೋರ್ಟ್ ಕಳಿಸಿ, ಅವರು ಬೇಡ ಎಂದರೆ ಆಮೇಲೆ ತೆಗೆಸಿ.

ಪ್ರಶ್ನೆ (ಮಗಳು):
ಫೋನ್ ಮಾಡಿದೆವು ಮೇಡಂ, ಆಪರೇಷನ್ ಮುಂದಕ್ಕೆ ಹಾಕಿದ್ದಾರೆ. ನಿಜವಾಗಿ ಎಷ್ಟು ಜನಕ್ಕೆ ಕೆಲಸ ಮಾಡುತ್ತದೆ? ಮುಚ್ಚಿಡದೆ ಹೇಳಿ. ಇನ್ನೊಂದು ಕ್ಲಿನಿಕ್‌ನವರು ರಕ್ತ ತೆಗೆದು ಡೆಂಡ್ರಿಟಿಕ್ ಸೆಲ್ ಲಸಿಕೆ ಮಾಡಿಕೊಡುತ್ತೇವೆ, ಅಡ್ಮಿಟ್ ಆಗುವುದೇ ಬೇಡ, ಸೈಡ್ ಎಫೆಕ್ಟ್ ಇಲ್ಲ ಎನ್ನುತ್ತಿದ್ದಾರೆ. ಅಮ್ಮನಿಗೆ ಅದೇ ವಾಸಿ ಅನಿಸಿದೆ.

ಡಾಕ್ಟರ್ ಉತ್ತರ:
ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ ಲಿಫಿಲ್ಯೂಸೆಲ್ ಪಡೆದ 153 ಜನರ ಲೆಕ್ಕ ಇದೆ. ಸುಮಾರು 31 ಶೇಕಡ ಜನರ ಗಡ್ಡೆಗಳು ಗಣನೀಯವಾಗಿ ಕುಗ್ಗಿದವು. ಪೂರ್ತಿ ಮಾಯವಾದವರು ಕೆಲವೇ ಜನ. ಐದು ವರ್ಷದ ನಂತರ ಬದುಕಿದ್ದವರು ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಕಡಿಮೆ ಅನಿಸುತ್ತದೆ, ಗೊತ್ತು. ಆದರೆ ಇವರೆಲ್ಲ ಆಗಲೇ ಹಲವು ಔಷಧಿ ಸೋತವರು. 2022ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಡೆನ್ಮಾರ್ಕ್‌ನವರು ಪ್ರಕಟಿಸಿದ 168 ಜನರ ಪ್ರಯೋಗದಲ್ಲಿ ಟಿಐಎಲ್ ಅನ್ನು ಇಪಿಲಿಮುಮಾಬ್ ಜೊತೆ ನೇರವಾಗಿ ಹೋಲಿಸಿದರು. ರೋಗ ಮತ್ತೆ ಬೆಳೆಯದೆ ನಿಂತ ಅವಧಿಯ ಮಧ್ಯಾಂಕ ಟಿಐಎಲ್‌ನಲ್ಲಿ 7.2 ತಿಂಗಳು, ಇನ್ನೊಂದರಲ್ಲಿ 3.1. ಒಂದು ಮಾತು ಬಿಡುವಂತಿಲ್ಲ: ಅಂಗಾಲಿನಲ್ಲಿ ಹುಟ್ಟುವ ಮೆಲನೋಮದವರು ಇಂಥ ಪ್ರಯೋಗಗಳಲ್ಲಿ ಕಡಿಮೆ. ಈ ಅಂಕಿಗಳನ್ನು ಅಪ್ಪನಿಗೆ ಹಾಗೇ ಅಂಟಿಸಬೇಡಿ.

ಅಪಾಯವನ್ನೂ ಕೇಳಿ. ಲಿಫಿಲ್ಯೂಸೆಲ್ ಜೊತೆ ಬರುವ ಎಚ್ಚರಿಕೆಯಲ್ಲೇ ಚಿಕಿತ್ಸೆಯಿಂದಾದ ಸಾವು 7.5 ಶೇಕಡ ಎಂದಿದೆ. ಸೋಂಕು, ರಕ್ತಸ್ರಾವ, ಹೃದಯ ಮತ್ತು ಕಿಡ್ನಿ ತೊಂದರೆ, ಇವೇ ಹೆಚ್ಚಾಗಿ ಚಿಂತೆಗೆ ಕಾರಣ. ಪ್ಲೇಟ್‌ಲೆಟ್ ಬಿದ್ದಾಗ ಮಿದುಳಿನಲ್ಲಿ ಗಡ್ಡೆ ಇದ್ದರೆ ಅಲ್ಲೂ ರಕ್ತ ಸೋರಬಹುದು. ಅದಕ್ಕೇ ಮಿದುಳಿನ ಎಂಆರ್‌ಐ ಮೊದಲೇ ಆಗಬೇಕು. ಇಷ್ಟೆಲ್ಲ ಸಿದ್ಧವಾದ ಮೇಲೂ ಕೆಲವೊಮ್ಮೆ ಲ್ಯಾಬಿನಲ್ಲಿ ಸೆಲ್ ಬೆಳೆಯುವುದಿಲ್ಲ. ಅಥವಾ ಕಾಯುವ ವಾರಗಳಲ್ಲೇ ರೋಗ ಮುಂದೆ ಓಡಿಬಿಡುತ್ತದೆ.

ಆ ಲಸಿಕೆಗೂ ಟಿಐಎಲ್‌ಗೂ "ಸೆಲ್" ಅನ್ನೋ ಪದ ಒಂದೇ. ಹರಡಿದ ಮೆಲನೋಮದಲ್ಲಿ ಡೆಂಡ್ರಿಟಿಕ್ ಸೆಲ್ ಲಸಿಕೆಯಿಂದ ಆಯುಷ್ಯ ಹೆಚ್ಚುತ್ತದೆ ಅಂತ ದೊಡ್ಡ ಪ್ರಯೋಗದಲ್ಲಿ ಸಾಬೀತಾಗಿಲ್ಲ. ಸಂಶೋಧನೆ ಮಾಡುವವರು ಪ್ರಯೋಗದ ನೋಂದಣಿ ಸಂಖ್ಯೆ ಕೊಡುತ್ತಾರೆ, ಎಥಿಕ್ಸ್ ಕಮಿಟಿ ಯಾವುದು ಎನ್ನುತ್ತಾರೆ. ಇವರು ಏನು ಕೊಟ್ಟರು, ಬರೀ ರಸೀದಿ ತಾನೇ? ನನಗೆ ಕೋಪ ಬರುವುದು ದುಡ್ಡಿಗಿಂತ ಹೆಚ್ಚಾಗಿ ದಿನಗಳ ಬಗ್ಗೆ. ಓಡಾಡುವ ಶಕ್ತಿ ಇರುವ ಎರಡು ತಿಂಗಳು ಅಲ್ಲಿ ಕಳೆದರೆ, ಆಮೇಲೆ ಐಎಲ್-2 ತಡೆಯುವ ದೇಹ ಉಳಿದಿರುವುದಿಲ್ಲ. ಅಮ್ಮನಿಗೆ ಈ ಒಂದು ಮಾತು ಹೇಳಿ ನೋಡಿ.

ಇನ್ನೊಬ್ಬ ಸದಸ್ಯೆ:
ನಮ್ಮ ಯಜಮಾನರಿಗೆ ಆಗಿದೆ ಮೇಡಂ. ಐಎಲ್-2 ಮೂರನೇ ಡೋಸ್‌ಗೆ ಬಿಪಿ ಬಿದ್ದು ನಿಲ್ಲಿಸಿದರು. ಆರೂ ಆಗಲಿಲ್ಲ ಅಂತ ನಾನು ಇವತ್ತಿಗೂ ಕೊರಗುತ್ತೇನೆ. ಮಗಳೇ, ಆ ವಾರ ರಾತ್ರಿ ಜೊತೆಗಿರಲು ಇಬ್ಬರಾದರೂ ಇರಿ. ಒಬ್ಬರ ಕೈಲಿ ಆಗುವುದಿಲ್ಲ.

ಡಾಕ್ಟರ್ ಉತ್ತರ:
ಕೊರಗಬೇಡಿ ಅಮ್ಮ. ಆರು ಅನ್ನುವುದು ಮೇಲಿನ ಮಿತಿ, ಮುಟ್ಟಲೇಬೇಕಾದ ಗುರಿಯಲ್ಲ. ಬಿಪಿ ಬಿದ್ದಾಗ ನಿಲ್ಲಿಸಿದ್ದು ಸರಿಯಾದ ನಿರ್ಧಾರ. ಜೊತೆಗೆ ಇಬ್ಬರು ಬೇಕು ಅಂದಿರಲ್ಲ, ಅದು ನನಗೇ ಹೊಳೆದಿರಲಿಲ್ಲ.

ಪ್ರಶ್ನೆ (ಮಗಳು):
ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಆಂಟಿ. ಕೇಂದ್ರದವರು ರಿಪೋರ್ಟ್ ತರಿಸಿಕೊಂಡಿದ್ದಾರೆ, ಸ್ಟೀರಾಯ್ಡ್ 15ಕ್ಕೆ ಇಳಿದಿದೆ. ಇಷ್ಟೆಲ್ಲ ಓದಿ ಹೇಳಿದ ಮೇಲೆ ಅಪ್ಪ ಕೇಳಿದ್ದು ಒಂದೇ: ಕೂದಲು ಹೋಗುತ್ತದಾ ಅಂತ.

ಡಾಕ್ಟರ್ ಉತ್ತರ:
ಹೋಗುತ್ತದೆ, ಆ ಕೀಮೋಗೆ ಉಳಿಯುವುದಿಲ್ಲ. ಕೆಲವು ತಿಂಗಳಲ್ಲಿ ವಾಪಸ್ ಬರುತ್ತದೆ ಎಂದು ಹೇಳಿ. ಕೆಲವರಿಗೆ ಬೆಳ್ಳಗೆ ಬರುತ್ತದೆ, ಚರ್ಮದ ಮೇಲೂ ಬಿಳಿ ಮಚ್ಚೆ ಬೀಳಬಹುದು. ಮೆಲನೋಮಕ್ಕೂ ಚರ್ಮಕ್ಕೂ ಬಣ್ಣ ಕೊಡುವ ಸೆಲ್ ಒಂದೇ ಜಾತಿಯದು. ಹೊಸ ಟಿ ಸೆಲ್‌ಗಳು ಎರಡನ್ನೂ ಹುಡುಕಿಕೊಂಡು ಹೋಗುತ್ತವೆ. ಹಾಗೇನಾದರೂ ಕಂಡರೆ ಗಾಬರಿಯಾಗದೆ ಫೋಟೊ ತೆಗೆದು ಅವರ ಡಾಕ್ಟರ್‌ಗೆ ತೋರಿಸಿ.