ಹಳೇ ಫ್ರಿಜ್, ಹಿಮಾಚಲದ ಸೇಬು: ಇಂಗಾಲದ ಲೆಕ್ಕ ಹೇಗೆ?

ಪ್ರಶ್ನೆ (ಶಿರಸಿ): 15 ವರ್ಷದ ಫ್ರಿಜ್ ಇಟ್ಟುಕೊಳ್ಳುವುದೋ ಬದಲಿಸುವುದೋ? ಪೇಟೆಯ ಸೇಬಿಗೆ ಲೆಕ್ಕ ಹೇಗೆ?

ಉತ್ತರ 1 (ಕಾರವಾರ): ಫ್ರಿಜ್ ಮೇಲೆ ಬರೆದ ವ್ಯಾಟ್‌ಗೆ 24 ಗಂಟೆ ಗುಣಿಸಬೇಡಿ, ಕಂಪ್ರೆಸರ್ ಆಗಾಗ ನಿಲ್ಲುತ್ತದೆ, ಲೆಕ್ಕ ಉಬ್ಬುತ್ತದೆ. ಪ್ಲಗ್ ಮೀಟರ್ (ಪ್ಲಗ್‌ಗೆ ಸಿಕ್ಕಿಸಿ ವಿದ್ಯುತ್ ಬಳಕೆ ಅಳೆಯುವ ಸಾಧನ) ಹಾಕಿ 48 ಗಂಟೆ ಅಳೆಯಿರಿ. ನಮ್ಮ ದೇಶದ ವಿದ್ಯುತ್ ಜಾಲಕ್ಕೆ (ಗ್ರಿಡ್) ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹಿಡಿಯಿರಿ. ದಿನಕ್ಕೆ 1.6 ಯೂನಿಟ್ ತಿನ್ನುವುದರ ಬದಲು 0.6ರದ್ದು ತಂದರೆ ವರ್ಷಕ್ಕೆ 255 ಕೆ.ಜಿ. ಉಳಿತಾಯ. ಹೊಸದರ ತಯಾರಿಕೆಗೆ 300 ಕೆ.ಜಿ. ಎಂದುಕೊಂಡರೂ ಒಂದೂಕಾಲು ವರ್ಷದೊಳಗೆ ತೀರುತ್ತದೆ.

ಅದಕ್ಕೂ ಮೊದಲು ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಜಾರಿದರೆ ಗ್ಯಾಸ್ಕೆಟ್ (ಬಾಗಿಲಂಚಿನ ರಬ್ಬರ್ ಪಟ್ಟಿ) ಹೋಗಿದೆ. ಬರೀ ಅದನ್ನು ಬದಲಿಸಿದರೂ ಸಾಕಾಗಬಹುದು. ಕರಾವಳಿಯಲ್ಲಿ ಉಪ್ಪುಗಾಳಿಗೆ ಹಿಂಬದಿಯ ಕಾಯಿಲ್ ತುಕ್ಕು ಹಿಡಿಯುತ್ತದೆ, ಅದನ್ನೂ ನೋಡಿ. ಗುಜರಿಗೆ ಕೊಡುವಾಗ ಮಾತ್ರ ಬಹಳ ಜಾಗ್ರತೆ: ಫ್ರಿಜ್ ತಂಪಾಗಿಸುವ ಆರ್-134ಎ ಅನಿಲ 150 ಗ್ರಾಂ ಸೋರಿದರೂ ಸುಮಾರು 200 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮ. ಪೈಪ್ ಕತ್ತರಿಸುವ ಮೊದಲೇ ಅನಿಲ ಹಿಡಿದಿಡುವವರಿಗೇ ಕೊಡಿ. ಒಳಗಿರುವುದು ಇನ್ನೊಂದು ಬಗೆಯ ಅನಿಲ ಆರ್-600ಎ ಆದರೆ ಆ ಚಿಂತೆ ಇಲ್ಲ, ಆದರೆ ಅದು ಹೊತ್ತಿಕೊಳ್ಳುವ ಅನಿಲ.

ಉತ್ತರ 2 (ಕುಮಟಾ): ಸೇಬಿಗೆ ತೂಕ, ದೂರ, ವಾಹನ ಮೂರೂ ಬೇಕು. ಲಾರಿಗೆ ಟನ್-ಕಿಲೋಮೀಟರಿಗೆ (ಒಂದು ಟನ್ ಸರಕು ಒಂದು ಕಿ.ಮೀ. ಸಾಗಿಸಲು) ಸುಮಾರು 0.1 ಕೆ.ಜಿ. ಇಂಗಾಲದ ಡೈಆಕ್ಸೈಡ್; 2,400 ಕಿ.ಮೀ. ಎಂದರೆ ಕಿಲೋ ಸೇಬಿಗೆ 0.24 ಕೆ.ಜಿ. ಖಾಲಿ ವಾಪಸಾತಿ, ಶೀತಲ ಗೋದಾಮು ಸೇರಿದರೆ ಹೆಚ್ಚು. ಆ ಒಂದು ಕಿಲೋಗೆಂದೇ ಸ್ಕೂಟರ್‌ನಲ್ಲಿ ಒಟ್ಟು 10 ಕಿ.ಮೀ. ಹೋಗಿಬಂದರೆ ಅದೇ 0.5 ಕೆ.ಜಿ.! ಪೇಟೆಗೆ ಬೇರೆ ಕೆಲಸಕ್ಕೆ ಹೋದಾಗಲೇ ತನ್ನಿ.